ಮುಖ ತಿರುಗಿಸಿದ್ದು ಹೆಬ್ಬಾವಲ್ಲ

ಅಕ್ಕ ಊರಲ್ಲಿಲ್ಲದಾಗ ಅವಳ ಹೆಬ್ಬಾವಿಗೆ ಆಹಾರ ಹಾಕುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೆ. ಹಾಕಲಿಲ್ಲ. ಇಷ್ಟೇ ಆಗಿದ್ದರೆ ಹೇಡಿತನ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅವಳು ಫೋನು ಮಾಡಿ ವಿಚಾರಿಸಿದಾಗಲೆಲ್ಲ, ಹಾಕಿದೆ, ಅದೇ ತಿನ್ನಲಿಲ್ಲ ಎಂದೆ. ಎದುರು ಮಾತಾಡಲು ಬಾರದ ಪ್ರಾಣಿಯ ತಲೆಗೆ ನನ್ನ ತಪ್ಪನ್ನು ಕಟ್ಟಿದೆ.

ಆ ಸುಳ್ಳಿನಿಂದಾಗಿ ಒಂದು ಪ್ರಶ್ನೆಗೆ ನಮ್ಮ ಸುತ್ತಮುತ್ತ ತಪ್ಪು ಉತ್ತರ ಓಡಾಡುತ್ತಿದೆ. ಪ್ರಶ್ನೆ ಇದು: ಮೊದಲ ಬಾರಿಗೆ ಹಾವು ಸಾಕುವವರು ಮರಿಯನ್ನು ತರಬೇಕೋ, ಬೆಳೆದ ಹೆಬ್ಬಾವನ್ನೇ ತರಬಹುದೋ? ಎರಡೂ ಬೇಡ ಎಂದು ನೀವು ಪುಟ ಮಗುಚಿದರೆ ನಾನು ದೂರುವುದಿಲ್ಲ. ಒಂದು ಕಾಲದಲ್ಲಿ ನಾನೂ ಅದೇ ಮಾತು ಹೇಳುತ್ತಿದ್ದೆ. ಆದರೆ ಹಾವು ಸಾಕುವವರ ನಡುವೆ ಇದು ಇಡ್ಲಿಗೆ ಅಕ್ಕಿ ಎಷ್ಟು, ಉದ್ದು ಎಷ್ಟು ಎಂಬ ಜಗಳದಷ್ಟೇ ಹಳೆಯದು, ಅಷ್ಟೇ ಮುಗಿಯದ್ದು.

ಇಡ್ಲಿಯ ಉದಾಹರಣೆ ಏಕೆ ಬಂತೆಂದರೆ ನಾನು ಜಪಾನಿನ ಉರಯಾಸುವಿನ ಒಂದು ಹೋಟೆಲಿನಲ್ಲಿ ಅಡುಗೆಯವನು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬೆಂಗಳೂರಿನ ದರ್ಶಿನಿಗಳ ಒಲೆಯ ಮುಂದೆ ದೊಡ್ಡವನಾದೆ. ಅಕ್ಕ ನನ್ನ ಪಾಲಿನದನ್ನೂ ಸೇರಿಸಿ ಓದಿದಳು. ಅವಳ ಕಂಪನಿ ಅವಳನ್ನು ಜಪಾನಿಗೆ ಕಳಿಸಿತು. ಇಲ್ಲಿ ದೋಸೆ ಹಾಕುವವರು ಬೇಕಾಗಿದ್ದಾರೆ ಎಂದು ತಿಳಿದಾಗ ಅವಳು ನನ್ನನ್ನು ಕರೆಸಿಕೊಂಡಳು. ಎರಡು ಕೋಣೆಯ ಮನೆ. ಅವಳದು ಬಾಡಿಗೆ, ನನ್ನದು ಅಡುಗೆ.

ಹೆಬ್ಬಾವು ಎಂದ ಕೂಡಲೇ ಆಡು ನುಂಗಿ ಮರದ ದಿಮ್ಮಿಯಂತೆ ಬಿದ್ದುಕೊಂಡದ್ದನ್ನು ನೀವು ನೆನೆಯುತ್ತೀರಿ. ಅಂಥ ದೈತ್ಯರನ್ನು ಮನೆಯಲ್ಲಿ ಸಾಕಲು ಈ ದೇಶದಲ್ಲಿ ಈಗ ಬಿಡುವುದಿಲ್ಲ. ಅಕ್ಕ ಮೆಚ್ಚಿದ್ದು ಆಫ್ರಿಕಾ ಕಡೆಯ ಸಣ್ಣ ಜಾತಿ. ಪೂರ್ತಿ ಬೆಳೆದರೂ ನಾನು ತೋಳೆರಡನ್ನು ಚಾಚಿದಷ್ಟು ಉದ್ದವಿಲ್ಲ. ಹೆದರಿದರೆ ಕಚ್ಚುವುದನ್ನು ಬಿಟ್ಟು, ತಲೆಯನ್ನು ಒಳಗೆ ಹುದುಗಿಸಿಕೊಂಡು ತೆಂಗಿನಕಾಯಿಯಂತೆ ಉಂಡೆಯಾಗಿಬಿಡುತ್ತದೆ. ನನ್ನ ಸ್ವಭಾವವೂ ಹೆಚ್ಚುಕಡಿಮೆ ಅದೇ.

ಈ ದೇಶದಲ್ಲಿ ಪ್ರಾಣಿಯನ್ನು ಮನೆಯಲ್ಲಿ ಕೂತು ತರಿಸಿಕೊಳ್ಳುವಂತಿಲ್ಲ. ಕೊಳ್ಳುವವರು ಅಂಗಡಿಗೆ ಹೋಗಿ, ಪ್ರಾಣಿಯನ್ನು ಕಣ್ಣಾರೆ ನೋಡಿ, ಮಾರುವವರು ಹೇಳುವುದನ್ನೆಲ್ಲ ಕೇಳಿಸಿಕೊಳ್ಳಬೇಕು. ಅಂಗಡಿಯ ಒಕಾದಾ-ಸಾನ್ ಅವರಿಗೆ ಹೇಳುವುದು ಬಹಳವಿತ್ತು. ಅಕ್ಕ ಕಣ್ಣು ಹಾಕಿದ್ದ ಬೆಳೆದ ಹಾವನ್ನು ಸಾಕಿದ್ದವನಿಗೆ ಮದುವೆ ಗೊತ್ತಾಗಿ, ಹುಡುಗಿ ಒಲ್ಲೆನೆಂದದ್ದರಿಂದ ವಾಪಸು ಬಂದಿದೆಯಂತೆ. “ಮರಿಯಾದರೆ ನಿಮ್ಮ ಮನೆಯೇ ಅದರ ಮೊದಲ ಮನೆ. ಇದಕ್ಕೆ ಆಗಲೇ ಒಂದು ಮನೆ ಇತ್ತು. ಹೊಸ ಜಾಗದಲ್ಲಿ ತಿಂಗಳುಗಟ್ಟಲೆ ಊಟ ಬಿಡಬಹುದು. ಅದು ಮುನಿಸೋ ಕಾಯಿಲೆಯೋ ಹೊಸಬರಿಗೆ ತಿಳಿಯುವುದಿಲ್ಲ” ಎಂದರು.

ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: “ಮರಿ ತಂದ್ರೆ ಅದೂ ಹೊಸದು, ನಾನೂ ಹೊಸಬಳು. ಇಬ್ರಲ್ಲಿ ಒಬ್ರಿಗಾದ್ರೂ ಎಕ್ಸ್‌ಪೀರಿಯನ್ಸ್ ಬೇಡ್ವೇನೋ?”

ಇದಕ್ಕಿಂತ ಒಳ್ಳೆಯ ವಾದವನ್ನು ನಾನು ಇನ್ನೂ ಕೇಳಿಲ್ಲ. ಬೆಳೆದ ಹಾವು ಇಷ್ಟೇ ಉದ್ದ, ಇಂಥದೇ ಗುಣ ಎಂದು ಎದುರಿಗೇ ಕಾಣುತ್ತದೆ. ಮರಿ ಏನಾಗುತ್ತದೋ ಯಾರಿಗೆ ಗೊತ್ತು? ಅದಕ್ಕೊಂದು ನೆಗಡಿ ಬಂದರೂ ಭಯ. ಕಿನಾಕೊ ಹಾಗೆ ನಮ್ಮ ಮನೆಗೆ ಬಂತು. ಕಿನಾಕೊ ಎಂದರೆ ಇಲ್ಲಿ ಸಿಹಿತಿಂಡಿಯ ಮೇಲೆ ಉದುರಿಸುವ ಹುರಿದ ಸೋಯಾ ಹಿಟ್ಟು. ನಮ್ಮ ಹುರಿಗಡಲೆ ಪುಡಿಯದೇ ಬಣ್ಣ. ಹಳೆಯ ಯಜಮಾನ ಇಟ್ಟ ಹೆಸರನ್ನು ಅಕ್ಕ ಬದಲಿಸಲಿಲ್ಲ.

ಮನೆಯ ಮಾಲಕಿಯನ್ನು ಮೊದಲೇ ಕೇಳಿ ಒಪ್ಪಿಸಿದ್ದಳು. ಹಾವು ಕೂಗುತ್ತದೆಯೇ, ವಾಸನೆ ಬರುತ್ತದೆಯೇ ಎಂದು ಆಕೆ ವಿಚಾರಿಸಿ, ಎರಡಕ್ಕೂ ಇಲ್ಲವೆಂದು ಕೇಳಿ, ಹಾಗಾದರೆ ನಿಮ್ಮ ತಮ್ಮನ ಒಗ್ಗರಣೆಗಿಂತ ವಾಸಿ ಎಂದರಂತೆ.

ಅಮ್ಮನನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. “ನಲವತ್ತಾಗ್ತಾ ಬಂತು, ಗಂಡು ನೋಡೇ ಅಂದ್ರೆ ಹಾವು ನೋಡ್ಕೊಂಡ್ ಬಂದಿದ್ದಾಳೆ!” ಎಂದು ವಿಡಿಯೊ ಕಾಲಿನಲ್ಲಿ ಹಣೆ ಚಚ್ಚಿಕೊಂಡಳು. ಆಮೇಲೆ ತಾನೇ ಮೆತ್ತಗಾಗಿ, “ಇರ್ಲಿ ಬಿಡು, ನಾಗಪ್ಪ ತಾನೇ. ಹಾಲು ಇಟ್ರಾ?” ಎಂದಳು.

“ಹಾಲೆಲ್ಲ ಕುಡಿಯಲ್ಲಮ್ಮ. ಇಲಿ ತಿನ್ನತ್ತೆ. ಫ್ರೀಜರಲ್ಲಿ ಇಟ್ಟಿದೀವಿ.”

“ಇಲೀನಾ? ಗಣಪತಿ ವಾಹನಾನ ಫ್ರಿಜ್ಜಲ್ಲಿ ಇಟ್ಟಿದೀರಾ?”

“ಗಣಪತಿ ಹೊಟ್ಟೆಗೂ ಹಾವೇ ಸುತ್ತಿದೆಯಲ್ಲಮ್ಮ.”

“ಸುತ್ಕೊಂಡಿದಾನೆ. ಅದಕ್ಕೆ ಇಲಿ ತಿನ್ಸಿಲ್ಲ!”

ಅಕ್ಕ ನಕ್ಕಳು. ನಾನೂ ನಕ್ಕೆ, ಆದರೆ ಮನಸ್ಸಿನಲ್ಲಿ ಗಣಪತಿಯ ಪಕ್ಷ ಸೇರಿಕೊಂಡಿದ್ದೆ. ಫ್ರೀಜರಿನಲ್ಲಿ ನಾನು ತುರಿದಿಟ್ಟ ತೆಂಗಿನಕಾಯಿ, ಕರಿಬೇವು, ಅವರೆಕಾಳು, ಅವುಗಳ ಪಕ್ಕ ಇಲಿಗಳ ಆ ಡಬ್ಬಿ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು. ಕಾಯಿ ತೆಗೆಯಲು ಕೈ ಹಾಕಿದಾಗಲೆಲ್ಲ ಡಬ್ಬಿಗೆ ಬೆರಳು ತಾಗದಂತೆ ಮಡಿಯಲ್ಲಿದ್ದವನ ಹಾಗೆ ಕೈ ತಿರುಚುತ್ತಿದ್ದೆ.

ಹಾವು ಬಂದು ವಾರ ಕಳೆದ ಮೇಲೆ ಅಕ್ಕ ಒಮ್ಮೆ ಇಲಿಯನ್ನು ಅದರ ಮುಂದೆ ಹಿಡಿದು ನೋಡಿದಳು. ಕಿನಾಕೊ ತಿನ್ನಲಿಲ್ಲ. ಒಕಾದಾ-ಸಾನ್ ಹೇಳಿದ್ದೇ ಇದು, ಒಗ್ಗಿಕೊಳ್ಳಲಿ ಎಂದು ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ನನಗೂ ಅದು ಸಹಜವೆನಿಸಿತು. ನಾನೂ ಬೆಳೆದ ಮೇಲೆ ತಂದ ಪ್ರಾಣಿಯೇ ತಾನೆ? ಜಪಾನಿಗೆ ಬಂದ ಹೊಸದರಲ್ಲಿ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಅನ್ನದುಂಡೆಗಳನ್ನು ಒಂದೊಂದಾಗಿ ಬಿಚ್ಚಿ, ಒಳಗೆ ಮೀನಿದೆಯೇ ಎಂದು ಇಣುಕಿ, ಮತ್ತೆ ಮುಚ್ಚಿಟ್ಟು ಮೊಸರು ಕುಡಿದು ಮಲಗುತ್ತಿದ್ದೆ. ಆಗ ಅಕ್ಕ ಬಲವಂತ ಮಾಡಲಿಲ್ಲ. ಆಫೀಸಿನಿಂದ ಬರುವಾಗ ಬೇರೆ ಬೇರೆ ಅಂಗಡಿಯ ಅಕ್ಕಿ ತಂದು, ಸೋನಾ ಮಸೂರಿಗೆ ಹತ್ತಿರದ್ದು ಯಾವುದೆಂದು ನನ್ನಿಂದಲೇ ಹುಡುಕಿಸಿದಳು.

ಅಷ್ಟರಲ್ಲಿ ಅವಳನ್ನು ಕಂಪನಿ ಹಿರೋಷಿಮಾಕ್ಕೆ ಕಳಿಸಿತು. ಅಲ್ಲಿನ ಕಾರು ಕಾರ್ಖಾನೆಯೊಂದರ ಕೆಲಸ, ಮುಗಿಯುವವರೆಗೆ ಬರುವಂತಿಲ್ಲ. ಹೋಗುವ ಮುನ್ನ ನನಗೆ ಪಾಠ ಹೇಳಿದಳು. ಇಲಿಯನ್ನು ಕರಗಲು ಬಿಡಬೇಕು. ಆಮೇಲೆ ಬಿಸಿನೀರಿನಲ್ಲಿಟ್ಟು ಅದರ ಮೈ ಬೆಚ್ಚಗೆ ಮಾಡಬೇಕು. ಉದ್ದನೆಯ ಇಕ್ಕಳದಲ್ಲಿ ಹಿಡಿದು ಹಾವಿನ ಮುಂದೆ ಆಡಿಸಬೇಕು. ತಿನ್ನದಿದ್ದರೆ ವಾರ ಹತ್ತು ದಿನ ಬಿಟ್ಟು ಮತ್ತೆ.

“ಕಾದ ಕಾವಲಿ ಮುಂದೆ ನಿಲ್ಲೋನಿಗೆ ಇದೇನೋ ಕಷ್ಟ?” ಎಂದಳು.

“ಏನೂ ಇಲ್ಲ, ಹೋಗ್ಬಾ” ಎಂದೆ.

ಇಲಿ ಕರಗುವವರೆಗೂ ನಾನು ಧೈರ್ಯವಾಗಿಯೇ ಇದ್ದೆ. ಬಿಸಿನೀರಿಗೆ ಬಿಟ್ಟಾಗ ಅದರ ಮೀಸೆಯ ಕೂದಲು ಬಿಡಿಬಿಡಿಯಾಗಿ ಹರಡಿಕೊಂಡಿತು. ಅಷ್ಟೇ. ನಾನು ಬಟ್ಟಲ ಮೇಲೆ ತಟ್ಟೆ ಮುಚ್ಚಿ ಆಚೆ ಬಂದೆ. ಮರುದಿನ ಬೆಳಿಗ್ಗೆ ಅದನ್ನು ಪೇಪರಿನಲ್ಲಿ ಸುತ್ತಿ, ಪಾಲಿಕೆಯವರು ಒಯ್ದು ಸುಡುವ ಕಸದ ಜೊತೆ ಇಟ್ಟು, ಕಾಗೆ ಎಳೆಯದಂತೆ ಮೇಲೆ ಬಲೆಯನ್ನೂ ಸರಿಯಾಗಿ ಹೊದಿಸಿದೆ. ಕಸದ ನಿಯಮಗಳಲ್ಲಿ ನಾನು ಎಂದೂ ತಪ್ಪಿದವನಲ್ಲ.

“ತಿಂತೇನೋ?” ಎಂದು ಅಕ್ಕನ ಫೋನು.

“ಇಲ್ಲಕ್ಕ, ಮುಖ ತಿರುಗಿಸ್ಕೊಂಡ್ಬಿಡ್ತು.”

“ಪಾಪ. ನನ್ನ ಹುಡುಕ್ತಿದೆಯೇನೋ.”

ನಿಜ ಹೇಳಲು ನನಗೆ ನಾಚಿಕೆಯಾಗಿತ್ತು. ಹೋಟೆಲು ತುಂಬ ಜನಕ್ಕೆ ಬಡಿಸುವವನು ಮನೆಯ ಒಂದು ಜೀವಕ್ಕೆ ಬಡಿಸಲಾರೆ ಎನ್ನುವುದು ಹೇಗೆ? ಮುಂದಿನ ಸಲ ಖಂಡಿತ ಹಾಕುತ್ತೇನೆ, ಆಗ ಸುಳ್ಳು ತಾನಾಗಿ ಅಳಿಸಿಹೋಗುತ್ತದೆ ಎಂದುಕೊಂಡೆ. ಮುಂದಿನ ಸಲ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. ಆದರೆ ಸುಳ್ಳಿಗೆ ಒಗ್ಗರಣೆ ಹಾಕುವುದರಲ್ಲಿ ಪಳಗಿದೆ: ನಾಲಿಗೆ ಆಡಿಸ್ತು ಅಕ್ಕ, ಹತ್ತಿರ ಬಂತು, ಮೂಸಿ ಒಳಗೆ ಹೋಯ್ತು. ಅತ್ತ ಕಿನಾಕೊ ಸಂಜೆಯಾದರೆ ತನ್ನ ಪೆಟ್ಟಿಗೆಯ ಗಾಜಿಗೆ ಮೂತಿ ಒತ್ತಿ, ನಾನು ಹೋದ ಕಡೆಗೆಲ್ಲ ತಲೆ ಹೊರಳಿಸುತ್ತಿತ್ತು. ನಾನು ಪೆಟ್ಟಿಗೆಯ ಮೇಲೆ ಟವೆಲು ಎಳೆದುಬಿಡುತ್ತಿದ್ದೆ.

ಬೆಳೆದ ಹೆಬ್ಬಾವು ತಿಂಗಳುಗಟ್ಟಲೆ ಉಪವಾಸ ತಡೆಯುತ್ತದೆ. ನನ್ನ ಸುಳ್ಳು ಅಷ್ಟು ದಿನ ಬದುಕಿದ್ದು ಆ ಗುಣದಿಂದ. ಕಾಯಿಲೆ ಬೀಳಲಿಲ್ಲ, ಸಾಯಲಿಲ್ಲ, ಸುಮ್ಮನೆ ಸೊರಗಿತು. ಮಳೆಗಾಲ ಶುರುವಾಗುವ ಹೊತ್ತಿಗೆ ಅಕ್ಕ ಬಂದಳು. ಚೀಲವನ್ನೂ ಕೆಳಗಿಡದೆ ಅದನ್ನು ಎತ್ತಿಕೊಂಡು, ಬೆನ್ನ ಮೇಲೆ ಬೆರಳಾಡಿಸಿ, “ಮೂಳೆ ಸಿಗ್ತಿದೆಯಲ್ಲೋ” ಎಂದಳು. ಮರುದಿನವೇ ಇಬ್ಬರೂ ಒಕಾದಾ-ಸಾನ್ ಅಂಗಡಿಗೆ ಹೋದೆವು.

ಅವರು ತೂಗಿ ನೋಡಿದರು. ಗಾಬರಿಯಾಗುವಂಥದ್ದು ಏನಿಲ್ಲ, ಹೊಸಬರ ಮನೆಯಲ್ಲಿ ಹೀಗಾಗುತ್ತದೆ ಎಂದು, ಒಳಗಿಂದ ಒಂದು ಇಲಿಯನ್ನು ಬೆಚ್ಚಗೆ ಮಾಡಿ ತಂದರು. ಇಕ್ಕಳ ಇನ್ನೂ ಒಂದು ಗೇಣು ದೂರವಿತ್ತು. ಕಿನಾಕೊ ಎರಗಿದ್ದು ನನಗೆ ಕಾಣಿಸಲೇ ಇಲ್ಲ, ಸುತ್ತಿಕೊಂಡದ್ದು ಮಾತ್ರ ಕಾಣಿಸಿತು.

ನನಗೆ ಒಂದು ಕ್ಷಣ ಸಂತೋಷವಾಯಿತು. ಅಕ್ಕನ ಮುಖ ನೋಡಿದೆ. “ನೋಡು, ಅವ್ರ ಕೈಲಿ ತಿಂತು” ಎಂದಳು. ಬಾಯಿ ಬಿಡಬೇಕಾಗಿದ್ದು ಆಗ. ನಾನು ಪಕ್ಕದ ಪೆಟ್ಟಿಗೆಯಲ್ಲಿದ್ದ ಆಮೆಯನ್ನು ನೋಡುತ್ತ ನಿಂತೆ. ಅಕ್ಕ ಹಾವನ್ನು ಅಲ್ಲೇ ಬಿಟ್ಟು ಬಂದಳು. ಸ್ವಲ್ಪ ದಿನದ ಮೇಲೆ ಅದು ಸೆಂಡಾಯ್‌ನ ಒಬ್ಬ ಸಂಶೋಧಕಿಯ ಮನೆ ಸೇರಿತು. ಅಲ್ಲಿ ಚೆನ್ನಾಗಿ ತಿನ್ನುತ್ತಿದೆಯಂತೆ.

ಆಮೇಲೆ ಅಕ್ಕ ಬದಲಾದಳು ಎಂದರೆ ನಾಟಕದ ಮಾತಾದೀತು. ಕೆಲಸಕ್ಕೆ ಹೋದಳು, ನನ್ನ ಸಾರಿಗೆ ಉಪ್ಪು ಕಮ್ಮಿ ಎಂದಳು. ಆದರೆ ಮಾಲಕಿ ಪ್ರೀತಿಯಿಂದ ಒಂದು ಹೂವಿನ ಕುಂಡ ಕೊಡಲು ಬಂದಾಗ, ಬೇಡ, ನನ್ನ ಕೈಲಿ ಯಾವುದೂ ಬದುಕುವುದಿಲ್ಲ ಎಂದು ಕೈ ಮುಗಿದು ವಾಪಸು ಕಳಿಸಿದಳು. ಯಾರಾದರೂ ಹಾವಿನ ಮಾತೆತ್ತಿದರೆ, ಹೊಸಬರು ಬೆಳೆದ ಹೆಬ್ಬಾವಿನ ತಂಟೆಗೆ ಹೋಗಬಾರದು, ನನ್ನನ್ನೇ ನೋಡಿ ಎನ್ನುವುದು ಅಭ್ಯಾಸವಾಯಿತು. ಪ್ರತಿ ಸಲವೂ ನನಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಅಪ್ಪ ಬೆಳಿಗ್ಗೆ ಬೈದರೆ ಸಂಜೆ ಜಿಲೇಬಿ ಪೊಟ್ಟಣ ತರುತ್ತಿದ್ದ, ಅಲ್ಲಿಗೆ ಮುಗಿಯಿತು. ನಾನೂ ಆ ದಾರಿ ಹಿಡಿದು ಅಕ್ಕಿರೊಟ್ಟಿ, ಹಯಗ್ರೀವ, ಗಸಗಸೆ ಪಾಯಸ ಎಂದು ಒಂದಾದ ಮೇಲೊಂದು ಮಾಡಿದೆ. “ಏನೋ, ಕೆಲ್ಸ ಬಿಡ್ತಿದೀಯಾ?” ಎಂದು ಅವಳು ಅನುಮಾನಪಟ್ಟಳು. ಹೋಟೆಲಿನಲ್ಲಿ ನಾನು ಬೆಳಗಿನಿಂದ ರಾತ್ರಿವರೆಗೆ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎನ್ನುತ್ತೇನೆ. ನೀರು ತಡವಾದರೆ ಸುಮಿಮಾಸೆನ್, ಯಾರ ಪಕ್ಕದಲ್ಲಾದರೂ ಹಾದುಹೋದರೂ ಸುಮಿಮಾಸೆನ್. ಪರರಿಗೆ ಇಷ್ಟು ಧಾರಾಳವಾಗಿ ಬರುವ ಮಾತು ಒಡಹುಟ್ಟಿದವಳ ಮುಂದೆ ಬರುವುದಿಲ್ಲ.

ಮೊದಲ ಪ್ರಶ್ನೆಗೆ ನನ್ನ ಉತ್ತರವನ್ನು ಇಲ್ಲೇ ಹೇಳಿಬಿಡುತ್ತೇನೆ. ಹೊಸಬರು ಬೆಳೆದ ಹೆಬ್ಬಾವನ್ನು ತರಬಹುದು. ಅದು ತಿನ್ನುವುದನ್ನು ಅಂಗಡಿಯಲ್ಲೇ ಒಮ್ಮೆ ನೋಡಿ ತರಲಿ, ಬಂದ ಹೊಸದರಲ್ಲಿ ಬಿಡುವು ಕೊಡಲಿ. ಆದರೆ ತರುವ ಮುಂಚೆ ಹಾವಿನ ಗುಣದ ಜೊತೆ ಮನೆಯಲ್ಲಿರುವವರ ಗುಣವನ್ನೂ ವಿಚಾರಿಸಲಿ. ನನ್ನಂಥವನಿದ್ದರೆ ಮರಿಯೂ ಬೇಡ. ಮರಿಗೆ ಅಷ್ಟು ದಿನ ಉಪವಾಸ ತಡೆಯುವ ಶಕ್ತಿ ಇರುವುದಿಲ್ಲ.

ಕಳೆದ ಭಾನುವಾರ ಎದುರು ಕಟ್ಟಡದ ವಿದ್ಯಾ ಅವರು ಮಗಳು ಅನ್ವಿಯನ್ನು ಕರೆದುಕೊಂಡು ಬಂದರು. ಮೈಸೂರಿನವರು. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಒಕಾದಾ-ಸಾನ್ ಅಂಗಡಿಗೆ ಇನ್ನೊಂದು ಬೆಳೆದ ಹಾವು ಬಂದಿದೆಯಂತೆ.

“ಆಂಟಿ, ಶಿ ಈಸ್ ಸೋ ಕವಾಯಿ!” ಎಂದಳು ಅನ್ವಿ.

“ಮುದ್ದಂತೆ, ಹಾವು! ಮೂರು ತಿಂಗ್ಳಿಂದ ಪ್ರಾಣ ತಿಂತಿದಾಳೆ ರೀ” ಎಂದರು ವಿದ್ಯಾ. “ಮರಿ ತಂದ್ರೆ ಎಲ್ಲಿ ಸತ್ತೋಗತ್ತೋ ಅಂತ ನಂಗೆ ಭಯ. ದೊಡ್ಡದಾದ್ರೆ ಗಟ್ಟಿಮುಟ್ಟಾಗಿರತ್ತಲ್ವಾ?”

“ದೊಡ್ಡದು ಬೇಡವೇ ಬೇಡ ವಿದ್ಯಾ” ಎಂದಳು ಅಕ್ಕ. “ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ಅದಕ್ಕೆ ನಾನು ಹಿಡಿಸ್ಲೇ ಇಲ್ಲ. ಕೆಲವ್ರ ಕೈಗುಣ ಹಾಗೆ.”

ಅನ್ವಿ ತಲೆ ತಗ್ಗಿಸಿದಳು. ನಾನು ಬಾಣಲೆಗೆ ಬಿಟ್ಟಿದ್ದ ಬಜ್ಜಿಗಳನ್ನು ತೆಗೆದು, ಒಲೆ ಆರಿಸಿ, ಹೊರಗೆ ಬಂದೆ.

“ಅಕ್ಕ, ಅದು ತಿನ್ಲಿಲ್ಲ ಅಂತ ನಾನು ಹೇಳಿದ್ದು ಸುಳ್ಳು. ನಾನು ಹಾಕ್ಲೇ ಇಲ್ಲ.”

“ಯಾವ್ದೋ?”

“ಕಿನಾಕೊಗೆ. ನೀನು ಹಿರೋಷಿಮಾದಲ್ಲಿದ್ದಷ್ಟು ದಿನ. ಒಂದ್ಸಲಾನೂ ಹಾಕಿಲ್ಲ. ಇಲಿ ಮುಟ್ಟಕ್ಕೆ ನನ್ ಕೈಲಾಗ್ಲಿಲ್ಲ.”

ವಿದ್ಯಾ ಮಗಳ ಭುಜ ಮುಟ್ಟಿ ಮೆಲ್ಲಗೆ ಎದ್ದರು. ಅನ್ವಿ ಏಳಲಿಲ್ಲ. ನಮ್ಮ ಕನ್ನಡವೆಲ್ಲ ಅವಳಿಗೆ ಅರ್ಥವಾಗಿತ್ತು.

ಅಕ್ಕ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಹಾಕಿದ್ರೆ ತಿಂತಿತ್ತಾ?” ಎಂದು ಕೇಳಿದಳು.

“ತಿಂತಿತ್ತಕ್ಕ. ಹಸಿದಿತ್ತು. ನಿನ್ ಕೈಗುಣಕ್ಕೇನೂ ಆಗಿಲ್ಲ” ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಇಷ್ಟು ದಿನ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳು ಒಂದೂ ಸಿಗಲಿಲ್ಲ. ಸಿಕ್ಕಿದ್ದು ಇಷ್ಟೇ: “ತಪ್ಪಾಯ್ತು ಕಣಕ್ಕ.”