ನುಂಗಿ ತೋರಸ್ರಿ

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವ. ಆದರೂ ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿ ಮೈಮುರಿದು ದುಡಿದೆ. ಅರವತ್ತರ ದಶಕದಲ್ಲಿ ಫಾರ್ಮಸಿ ಕಲಿಯುವ ಹುಡುಗರನ್ನು ನನ್ನ ಕೈಗೇ ಒಪ್ಪಿಸಿದರು. ಈಗ ನೆನೆದರೂ ಎದೆ ಉಬ್ಬುತ್ತದೆ.

ಮಿಕ್ಸ್ಚರ್ ಕಲಸುವುದು, ಪುಡಿ ಕಟ್ಟುವುದು ಅವರಿಗೆ ಲಗೂ ಬಂತು. ಔಷಧ ಕೊಟ್ಟ ಮೇಲೆ ರೋಗಿ ಅದನ್ನು ಏನು ಮಾಡುತ್ತಾನೆ ಎಂದು ಪತ್ತೆ ಹಚ್ಚುವುದು ಬೇರೆಯೇ ವಿದ್ಯೆ. ಅದಕ್ಕೆ ನನ್ನದು ಒಂದೇ ಪಾಠ: "ಔಷಧ ತೊಗೊಂಡ್ರೇನ್ರಿ ಅಂತ ಕೇಳಬ್ಯಾಡ್ರಿ, ಎಲ್ಲಾರೂ ಹೂಂ ಅಂತಾರ. ಹೆಂಗ ತೊಗೋತೀರಿ, ತೋರಸ್ರಿ ಅನ್ರಿ."

ಆಗ ಕಮರಿಪೇಟೆಯ ಪೈಲ್ವಾನರೊಬ್ಬರು ಕಾಲಿನ ಗಾಯಕ್ಕೆಂದು ನಮ್ಮಲ್ಲಿ ಮಲಗಿದ್ದರು. ಟೆಟ್ರಾಸೈಕ್ಲಿನ್ ಗುಳಿಗೆ ಕೊಟ್ಟರೂ ಕೀವು ನಿಲ್ಲಲೊಲ್ಲದು. ಇನ್ನು ಕಾಲು ಕೊಯ್ಯುವುದೇ ಸೈ ಎಂದಿದ್ದರು ಡಾಕ್ಟರು. ಕೊಯ್ದರೆ ಕುಸ್ತಿ ಮುಗಿದಂತೆ ಎಂದು ಪೈಲ್ವಾನರು ಒಳಗೊಳಗೇ ಹೆದರಿದ್ದರು.

ಶಿರಗುಪ್ಪಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ, ಭಾಳ ಸಂಕೋಚದವ, ಅವರ ಕಾಟಿನ ಹತ್ತಿರ ನಿಂತ. ನಾನು ಅವನ ಹಿಂದೆ.

"ಕಾಕಾ, ಗುಳಿಗಿ ಹೆಂಗ ತೊಗೋತೀರಿ, ತೋರಸ್ರಿ."

"ಬಾಯಿಲೇ ತೊಗೋತೇನಿ. ನಿಮ್ಮ ಸಾಲ್ಯಾಗ ಮೂಗಿಲೇ ಕಲಸ್ಯಾರೇನು?"

ಇಡೀ ವಾರ್ಡು ನಕ್ಕಿತು. ಹುಡುಗನ ಕಿವಿ ಕೆಂಪಾದವು, ಆದರೆ ಅವನು ಜಾಗ ಬಿಡಲಿಲ್ಲ. "ಆದ್ರೂ ನುಂಗಿ ತೋರಸ್ರಿ."

ಪೈಲ್ವಾನರು ಕಾಟಿನ ಕೆಳಗೆ ಕೈಹಾಕಿ ದೊಡ್ಡದೊಂದು ತಂಬಿಗೆ ಎತ್ತಿದರು. ಅದರ ತುಂಬ ಎಮ್ಮೆ ಹಾಲು. ಗುಳಿಗೆ ಬಾಯಿಗೆ ಹಾಕಿದವರೇ ಗಟಗಟ ಅರ್ಧ ತಂಬಿಗೆ ಇಳಿಸಿದರು. "ಇಂಗ್ಲೀಷ್ ಔಷಧ ಭಾಳ ಉಷ್ಣ. ಮ್ಯಾಲ ಹಾಲು ಬೇಕ ಬೇಕು."

ಹುಡುಗ ನನ್ನತ್ತ ತಿರುಗಿದ. ನಾನು ಬೇಕಂತಲೇ ಕಿಟಕಿಯ ಹೊರಗೆ ನೋಡಿದೆ.

"ಕಾಕಾ, ಹಾಲು ಈ ಔಷಧಾನ ಹಿಡಕೊಂಡು ಬಿಡತೈತ್ರಿ, ಮೈಗೆ ಹತ್ತಗೊಡೂದಿಲ್ಲ. ನೀರಿನ್ಯಾಗ ನುಂಗ್ರಿ. ಹಾಲು ಒಂದೆರಡು ತಾಸು ಬಿಟ್ಟು ಕುಡೀರಿ."

"ನೀರು ಕುಡದು ಪೈಲ್ವಾನ ಆದವ್ರನ್ನ ಎಲ್ಲಿ ನೋಡೀಯೋ ತಮ್ಮಾ?"

"ಕಾಲು ಕೊಯ್ಸಿಕೊಂಡು ಆದವ್ರನ್ನೂ ನೋಡಿಲ್ರಿ."

ಪೈಲ್ವಾನರು ಅವನನ್ನೇ ಮೇಲಿಂದ ಕೆಳಗೆ ನೋಡಿದರು. ಆಮೇಲೆ ತಂಬಿಗೆ ಸರಿಸಿದರು.

ಡಾಕ್ಟರಿಗೆ ತಿಳಿಸಿದೆ. ಅವರು ಕೊಯ್ಯುವುದನ್ನು ಮುಂದೂಡಿದರು. ಪ್ರತಿ ಸಲ ಗುಳಿಗೆಯ ಹೊತ್ತಿಗೆ ಹುಡುಗ ನೀರು ಹಿಡಿದು ಹಾಜರು. ಮೆಲ್ಲಗೆ ಕೀವು ನಿಂತಿತು, ಗಾಯ ಒಣಗಹತ್ತಿತು.

ಮನೆಗೆ ಹೊರಟ ದಿನ ಪೈಲ್ವಾನರು ಕಚ್ಚೆ ಬಿಗಿದು, ನರ್ಸಬಾಯಿ ಬೈಯುತ್ತಿದ್ದರೂ ಕೇಳದೆ, ವಾರ್ಡಿನ ನಡುವೆ ಬೈಠಕ್ ಹೊಡೆದರು. ಹುಡುಗನ ರಟ್ಟೆ ಹಿಸುಕಿ, "ಏನೋ ಇದು, ಹತ್ತಿ ತುಂಬೀಯೇನು? ನೀನೂ ಹೊಡಿ" ಎಂದರು. ಅವನು ಪುಸ್ತಕ ನನ್ನ ಕೈಗಿಟ್ಟು, ಕೂತ. ಏಳಲು ಮಾತ್ರ ಪೈಲ್ವಾನರ ಹೆಗಲೇ ಬೇಕಾಯಿತು.