ಮಿತಭಾಷಿ ನಾಯಕರ ಬಗ್ಗೆ ಎರಡು ಮಾತು

ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಕೊಡುವ ಕಪ್ಪು ಕನ್ನಡಕವನ್ನು ಹಾಕಿಕೊಂಡರೆ ಎಂಥ ಸಾಧು ಪ್ರಾಣಿಯೂ ಕೊಂಚ ಮೇಲಧಿಕಾರಿಯ ಹಾಗೆ ಕಾಣತೊಡಗುತ್ತದೆಂಬುದನ್ನು ತಾವೂ ಗಮನಿಸಿರಬಹುದು. ನನ್ನ ಹೆಂಡತಿ ಜಾನಕಿ ಮೊದಲಿಂದಲೂ ಸಾಧು ಪ್ರಾಣಿಗಳ ಪಂಗಡಕ್ಕೆ ಸೇರಿದವಳಲ್ಲವಾದ್ದರಿಂದ, ಕನ್ನಡಕ ಬಂದ ಮೇಲೆ ನಮ್ಮ ಮನೆಯಲ್ಲಿ ಆಡಳಿತ ಇನ್ನಷ್ಟು ಬಿಗಿಯಾಯಿತು. ಬಗ್ಗಬಾರದು, ಒಲೆಯ ಹೊಗೆ ತಾಗಬಾರದು, ತಲೆಗೆ ನೀರು ಹಾಕಬಾರದು, ಓದಬಾರದು ಎಂದು ಡಾಕ್ಟರು ನಾಲ್ಕು ನಿಷೇಧಗಳನ್ನು ವಿಧಿಸಿದ್ದರು. ಮೊದಲ ಮೂರನ್ನು ಅವಳು ಸಂತೋಷದಿಂದಲೇ ಸ್ವೀಕರಿಸಿದಳು. ನಾಲ್ಕನೆಯದಕ್ಕೆ ಪರಿಹಾರವನ್ನು ಅವಳೇ ಕಂಡುಹಿಡಿದಳು. "ಹಂಗಾದ್ರೆ ನೀವು ಓದಿ, ನಾನು ಕೇಳ್ತೀನಿ" ಎಂದಳು.

ಅವಳು ಓದುತ್ತಿದ್ದದ್ದು ಕಾದಂಬರಿ. ಹೆಂಗಸರು ಹೆಂಗಸರಿಗಾಗಿ ಬರೆದ, ಮುಖಪುಟದಲ್ಲಿ ಒಬ್ಬ ತರುಣಿ ಕಿಟಕಿಯ ಸರಳು ಹಿಡಿದು ದೂರ ನೋಡುತ್ತಿರುವ ಜಾತಿಯವು. ಕೊಪ್ಪದಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯಿಂದ ಅವಳ ಅಕ್ಕ ಇವನ್ನು ಕೈಚೀಲದಲ್ಲಿ ತುಂಬಿ ಶೃಂಗೇರಿಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಓದಿ ಮುಗಿದವು ಅದೇ ಚೀಲದಲ್ಲಿ ವಾಪಸು ಪ್ರಯಾಣ ಮಾಡುತ್ತಿದ್ದವು. ನಾನಾದರೋ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು, ಕರೆದವರ ಮನೆಯಲ್ಲಿ ಪುರಾಣ ಓದಿ ಅರ್ಥ ಹೇಳುವವನು. ಮಹಾಕಾವ್ಯಗಳ ನಾಯಿಕೆಯರ ವಿರಹವನ್ನು ಛಂದಸ್ಸು ಕೆಡದಂತೆ ವಾಚಿಸಿದ ನಾಲಿಗೆಯಿಂದ "ಅವಳ ಎದೆ ಢವಢವ ಹೊಡೆದುಕೊಂಡಿತು" ಎಂದು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವ ಯೋಗ ಬಂದೀತೆಂದು ನನ್ನ ಜಾತಕ ಬರೆದವರೂ ಊಹಿಸಿರಲಾರರು. ಮೊದಲ ದಿನ ದನಿ ತಗ್ಗಿಸಿ ಓದಿದೆ. "ಗಂಟಲಿಗೂ ಪೊರೆ ಬಂದಿದೆಯಾ?" ಎಂದು ಕಪ್ಪು ಕನ್ನಡಕ ವಿಚಾರಿಸಿತು. ಆಮೇಲೆ ನಾನು ಪುರಾಣದ ಏರುದನಿಯಲ್ಲೇ ಓದಿದೆ.

ದನಿ ಬೀದಿಗೆ ಕೇಳಿಸಿದರೆ ಜನ ಬಾರದೇ ಇರುತ್ತಾರೆಯೇ. ಪಕ್ಕದ ಮನೆಯ ಲಲಿತಕ್ಕ ಹತ್ತಿಯ ಬುಟ್ಟಿ ತಂದು ಹೂಬತ್ತಿ ಹೊಸೆಯುತ್ತ ಕೂತರು. ಅವರ ಮಗಳು ಶೈಲ ತಾಯಿಯ ಹಿಂದೆ ಬಂದು ಕಂಬಕ್ಕೆ ಒರಗಿದಳು. ಬೀದಿಯ ಇನ್ನು ನಾಲ್ಕಾರು ಹೆಂಗಸರೂ ಸೇರಿದರು. ಮಧ್ಯಾಹ್ನದ ಊಟವಾಗಿ ಸಂಜೆಯ ದೀಪದವರೆಗೆ ನಮ್ಮ ಜಗಲಿ ಒಂದು ಪುರಾಣಸಭೆಯೇ ಆಯಿತು. ನನ್ನ ಯಾವ ಪುರಾಣಕ್ಕೂ ಅಷ್ಟು ಜನ ತೂಕಡಿಸದೆ ಕೂತದ್ದಿಲ್ಲವೆಂಬುದನ್ನು ಇಲ್ಲಿ ವಿನಯಪೂರ್ವಕವಾಗಿ ನಿವೇದಿಸುತ್ತೇನೆ.

ಹೀಗೆ ಒತ್ತಾಯದ ಓದುಗನಾಗಿ ಹತ್ತಾರು ಕಾದಂಬರಿಗಳ ಪಾರಾಯಣ ಮಾಡಿದ ನನ್ನ ಪ್ರಾಮಾಣಿಕ ಅಭಿಪ್ರಾಯಗಳನ್ನು, ಯಾರೂ ಕೇಳದಿದ್ದರೂ, ಹೇಳುತ್ತೇನೆ. ಈ ನಾಯಕರಲ್ಲಿ ಹೆಚ್ಚಿನವರು ನಮ್ಮ ಕಡೆಯವರು, ಎಂದರೆ ಕಾಫಿ ತೋಟದ ಒಡೆಯರು. ಆದರೆ ಇವರ ತೋಟದಲ್ಲಿ ಕಾಂಡಕೊರಕ ಹುಳುವಿಲ್ಲ, ಆಳು ಸಿಗದ ತಾಪತ್ರಯವಿಲ್ಲ, ಜಿಗಣೆಯಂತೂ ಇಲ್ಲವೇ ಇಲ್ಲ. ಮಳೆಯಲ್ಲಿ ತೋಯ್ದ ನಾಯಿಕೆ ಗಿಡದ ಸಾಲಿನೊಳಗೆ ಓಡಿ ಬಂದು ಅವನ ಎದೆಗೆ ಒರಗುವ ಪ್ರಸಂಗವನ್ನು ಓದಿದಾಗ ಲಲಿತಕ್ಕ ಕೈಯ ಬತ್ತಿ ಬಿಟ್ಟು "ಕಾಲು ನೋಡಿಕೊಳ್ಳಕ್ಕೆ ಹೇಳಿ ಅವಳಿಗೆ" ಎಂದದ್ದು ವಿಮರ್ಶೆಯ ಪರಾಕಾಷ್ಠೆಯೆಂದು ನಾನು ಭಾವಿಸಿದ್ದೇನೆ. ಇನ್ನೊಂದು ಕಾದಂಬರಿಯಲ್ಲಿ ನಾಯಕ ನಾಯಿಕೆಯರು ನಮ್ಮ ತುಂಗೆಯ ಮೆಟ್ಟಿಲಲ್ಲೇ, ಮೀನಿಗೆ ಮಂಡಕ್ಕಿ ಹಾಕುತ್ತ, ಏಕಾಂತದಲ್ಲಿ ಸಂಧಿಸುತ್ತಾರೆ. ಶಾಲೆಯ ಪ್ರವಾಸದ ಮಕ್ಕಳಿಲ್ಲದ ಆ ಏಕಾಂತ ಯಾವ ಹೊತ್ತಿಗೆ ದೊರೆಯುತ್ತದೆಂದು ಲೇಖಕಿ ತಿಳಿಸಿದ್ದರೆ, ಜೀವಮಾನವಿಡೀ ಅಲ್ಲಿ ಸ್ನಾನಕ್ಕೆ ಹೋಗುವ ನಾವೂ ಪ್ರಯೋಜನ ಪಡೆಯುತ್ತಿದ್ದೆವು.

ಮೊಬೈಲು ಬಂದದ್ದು ಈ ಕಾದಂಬರಿಕಾರ್ತಿಯರಿಗೆ ಬಹಳ ತೊಂದರೆ ಕೊಟ್ಟಿತೆಂದು ನನ್ನ ಅನುಮಾನ. ಹಿಂದೆ ನಾಯಕ ತಪ್ಪು ತಿಳಿದುಕೊಂಡರೆ ಇನ್ನೂರು ಪುಟ ನಿಶ್ಚಿಂತೆಯಾಗಿ ಸಾಗುತ್ತಿತ್ತು. ಈಗ ಒಂದು ಫೋನು ಮಾಡಿದರೆ ಎಂಟನೆಯ ಪುಟದಲ್ಲೇ ಕಥೆ ತೀರಿಹೋಗುವ ಭಯ. ಆದ್ದರಿಂದ ನಾಯಿಕೆಯನ್ನು ಸಿಗ್ನಲ್ ಇಲ್ಲದ ಕಾಡೂರಿಗೆ ಟೀಚರಾಗಿ ಕಳಿಸುತ್ತಾರೆ. ಈ ಒಂದು ಭಾಗವನ್ನು ಮಾತ್ರ ನಮ್ಮ ಸಭೆ ತಕರಾರಿಲ್ಲದೆ ಒಪ್ಪಿತು. ಸಭೆಯಲ್ಲಿ ಒಬ್ಬರ ತವರು ಕೆರೆಕಟ್ಟೆ. ಅಲ್ಲಿ ಫೋನು ಹಿಡಿದು ಗುಡ್ಡ ಹತ್ತಿದವರು ಮಾತು ಮುಗಿಸಿ ಬರುವಷ್ಟರಲ್ಲಿ ಒಲೆಯ ಮೇಲಿನ ಅನ್ನ ತಳ ಹಿಡಿಯುತ್ತದಂತೆ.

ನಗುತ್ತಲೇ ಇದ್ದೇನೆಂದು ತಾವು ತಿಳಿಯಬೇಡಿ. ನಾನು ಓದಿದ ಸಂಸ್ಕೃತ ಕವಿಗಳು ಒಬ್ಬಳ ರೆಪ್ಪೆಗೂದಲಿನ ಮೇಲೆ ಬಿದ್ದ ಹನಿ ಎಲ್ಲಿಂದ ಎಲ್ಲಿಗೆ ಜಾರಿತೆಂದು ಸವಿವರವಾಗಿ ವರ್ಣಿಸಿದ್ದಾರೆ. ಅವಳು ಮನೆಯಲ್ಲಿ ಎಷ್ಟು ಹೊತ್ತಿಗೆ ಊಟ ಮಾಡುತ್ತಿದ್ದಳು, ಆ ಹೊತ್ತಿಗೆ ಪಾತ್ರೆಯಲ್ಲಿ ಏನು ಉಳಿದಿತ್ತು ಎಂಬುದನ್ನು ಒಬ್ಬನೂ ಬರೆದದ್ದು ನನಗೆ ನೆನಪಿಲ್ಲ. ಈ ಅಗ್ಗದ ಕಾಗದದ ಪುಸ್ತಕಗಳಲ್ಲಿ ಅದಿತ್ತು. ನಡುವಿನ ಅಧ್ಯಾಯಗಳಲ್ಲಿ, ಕಥೆ ಎಲ್ಲಿಗೂ ಹೋಗದ ಕಡೆಗಳಲ್ಲಿ, ಒಬ್ಬಳು ಸೊಸೆ ಸಾರು ಮುಗಿದ ಪಾತ್ರೆಗೆ ಮಜ್ಜಿಗೆ ಹಾಕಿ ಕಲಸಿಕೊಳ್ಳುವ ಒಂದು ಸಾಲು ಬರುತ್ತಿತ್ತು. ಅಂಥ ಕಡೆ ಬತ್ತಿ ಹೊಸೆಯುವ ಕೈಗಳು ನಿಂತುಬಿಡುತ್ತಿದ್ದವು. ನಾನೂ ಓದುವುದನ್ನು ನಿಧಾನ ಮಾಡುತ್ತಿದ್ದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ನಾಯಕರ ಮಿತಭಾಷಿತ್ವ. ಇವರು ಮಾತಾಡುವುದಿಲ್ಲ. ಹುಬ್ಬು ಗಂಟಿಕ್ಕುತ್ತಾರೆ, ಕಿಟಕಿಯಾಚೆ ನೋಡುತ್ತಾರೆ, ಜೀಪು ಹತ್ತಿ ಹೋಗುತ್ತಾರೆ. ನಾಯಿಕೆ ಆ ಮೌನದೊಳಗೆ ಸಾಗರದಷ್ಟು ಪ್ರೀತಿಯನ್ನು ಕಾಣುತ್ತಾಳೆ. ಧೀರೋದಾತ್ತ ನಾಯಕನ ಗಾಂಭೀರ್ಯವೆಂದರೆ ಇದೇ ಎಂದು ಲಕ್ಷಣಗ್ರಂಥದ ಆಧಾರ ಸಹಿತ ನಾನು ನಡುವೆ ವ್ಯಾಖ್ಯಾನ ಮಾಡಿದ್ದುಂಟು. "ನಿಮ್ಮ ಅರ್ಥ ಆಮೇಲೆ ಹೇಳಿ, ಮುಂದೆ ಓದಿ ಮಾರಾಯ್ರೆ" ಎಂದು ಜಾನಕಿ ತಡೆದದ್ದೂ ಉಂಟು.

ಪುರಾಣ ಓದುವವರಲ್ಲಿ ಒಂದು ಕಟ್ಟುಪಾಡಿದೆ. ಆ ದಿನದ ಓದನ್ನು ಅಶುಭ ಪ್ರಸಂಗದಲ್ಲಿ ನಿಲ್ಲಿಸಬಾರದು. ಸೀತೆಯನ್ನು ಹೊತ್ತುಕೊಂಡು ಹೋದನೆಂಬಲ್ಲಿ ಪುಸ್ತಕ ಮುಚ್ಚಿ ಎದ್ದು ಹೋಗುವಂತಿಲ್ಲ. ಮುಂದೆ ಎಲ್ಲಾದರೂ ಒಂದು ಶುಭದ ಮಾತು ಸಿಗುವ ತನಕ ಓದಿ, ಅಲ್ಲಿ ಮಂಗಳ ಹೇಳಿ ಏಳಬೇಕು. ಅಭ್ಯಾಸಬಲದಿಂದ ನಾನು ಕಾದಂಬರಿಗೂ ಅದನ್ನೇ ಅನ್ವಯಿಸಿದೆ. ನಾಯಿಕೆ ಅಳುತ್ತಿರುವಾಗ ನಿಲ್ಲಿಸಲು ಮನಸ್ಸು ಬಾರದು, ಆದರೆ ಈ ನಾಯಿಕೆಯರು ಅಳುವುದನ್ನು ಬೇಗ ನಿಲ್ಲಿಸುವವರಲ್ಲ. ಒಂದು ದಿನವಂತೂ ಅವಳ ಕಣ್ಣೊರೆಸುವ ಪ್ರಸಂಗ ಬರುವಷ್ಟರಲ್ಲಿ ಸಭಿಕರೆಲ್ಲರ ಮನೆಯಲ್ಲಿ ಹಾಲು ಕರೆಯುವ ಹೊತ್ತು ಮೀರಿಹೋಗಿ, ಕೊಟ್ಟಿಗೆಗಳಿಂದ ದನಗಳ ಕೂಗು ಏಳತೊಡಗಿತು.

ಅಂಥ ಒಂದು ಸಂಜೆ ಒಂದು ಕಾದಂಬರಿ ಮುಗಿಯಿತು. ಗಂಡನ ಮನೆ ಬಿಟ್ಟು ಬಂದ ನಾಯಿಕೆಯನ್ನು ಹುಡುಕಿಕೊಂಡು ನಾಯಕ ಬರುತ್ತಾನೆ. ಬಾಗಿಲಲ್ಲಿ ನಿಂತು "ಬಾ" ಎನ್ನುತ್ತಾನೆ. ಇನ್ನೇನೂ ಹೇಳುವುದಿಲ್ಲ. ಅವಳು ಓಡಿ ಹೋಗುತ್ತಾಳೆ, ಶುಭಂ. ಹೆಂಗಸರು ಸೆರಗಿನಿಂದ ಮೂಗೊರೆಸಿಕೊಂಡರು. ಕಪ್ಪು ಕನ್ನಡಕದ ಕೆಳಗೂ ಒಂದು ಹನಿ ಇಳಿದಿತ್ತು, ಡಾಕ್ಟರರ ಐದನೆಯ ನಿಷೇಧ ಆಗಬೇಕಿದ್ದದ್ದು. ನಾನು ಪುಸ್ತಕ ಮುಚ್ಚಿ, ಹೇಳದೆ ಬಿಟ್ಟದ್ದರಲ್ಲೇ ಕಾವ್ಯದ ಜೀವ ಇರುವುದು, ಒಂದೇ ಅಕ್ಷರದಲ್ಲಿ ಇಡೀ ಪಶ್ಚಾತ್ತಾಪ ಧ್ವನಿತವಾಗಿದೆ ನೋಡಿ ಎಂದೆ.

"ಮರುದಿನ ಬೆಳಿಗ್ಗೆ ಅವನು ಎಂತ ಮಾತಾಡಿದ ಮಾವ?" ಎಂದಳು ಶೈಲ. ಅಷ್ಟು ದಿನ ಕೇಳಲು ಬಂದವಳು ಬಾಯಿ ಬಿಟ್ಟದ್ದು ಅದೇ ಮೊದಲು. "ಮುಂದಿನ ಪುಟ ನೋಡಿ."

ಮುಂದಿನ ಪುಟದಲ್ಲಿ ಉಪ್ಪಿನಕಾಯಿಯ ಜಾಹೀರಾತಿತ್ತು. ಹಾಗೆಂದು ಹೇಳಿದೆ. ಎಲ್ಲರೂ ನಕ್ಕರು. ಶೈಲ ನಗಲಿಲ್ಲ.

ಅವಳ ವಿಷಯ ಬೀದಿಗೆಲ್ಲ ಗೊತ್ತಿದ್ದದ್ದೇ. ನರಸಿಂಹರಾಜಪುರದ ಕಡೆ ಶೆಟ್ಟಿಕೊಪ್ಪಕ್ಕೆ ಕೊಟ್ಟಿದ್ದರು. ಹಿಂದಿನ ಮಳೆಗಾಲ ಮುಗಿದ ಮೇಲೆ ತವರಿಗೆ ಬಂದವಳು ಮರಳಿ ಹೋಗಿರಲಿಲ್ಲ. ಗಂಡ ನಾಗರಾಜ ಕುಡಿಯುವವನಲ್ಲ, ಇಸ್ಪೀಟಿನವನಲ್ಲ, ಕೈ ಎತ್ತಿದವನಲ್ಲ. ಹುಡುಗ ಗಂಭೀರ, ಇನ್ನೆಂತ ಬೇಕಂತೆ ಇವಳಿಗೆ ಎಂದು ಎಲ್ಲರೂ ಕೇಳುತ್ತಿದ್ದರು. ಅವನ ಕಡೆಯವರು ರಾಜಿಗೆ ಬರುವ ದಿನ ಗೊತ್ತಾಗಿತ್ತು, ಆ ಭಾನುವಾರವೇ.

ಸಭೆ ಚದುರಿದ ಮೇಲೆ ಅವಳು ಉಳಿದಳು. ಜಾನಕಿಗೆ ಕಣ್ಣಿನ ಔಷಧಿಯ ಹನಿ ಹಾಕಿ, ಬಾಟಲಿಯ ಮುಚ್ಚಳ ತಿರುಗಿಸುತ್ತ ನನಗೆ ಹೇಳಿದಳು. ಹಿರೇಕೊಡಿಗೆಯಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ ಹೋದವಳು ಗಂಡನನ್ನು ಕೇಳದೆ ಒಂದು ದಿನ ಹೆಚ್ಚು ನಿಂತಳಂತೆ. ಅಂದಿನಿಂದ ಅವನು ಮಾತು ಬಿಟ್ಟ. ಸಿಟ್ಟಿನ ಮಾತೂ ಇಲ್ಲ. ಬೇಕಾದ್ದನ್ನು ಅವನ ಅಮ್ಮನಿಗೆ ಹೇಳುತ್ತಿದ್ದ, ಅವಳಿಗೆ ಹೇಳು ನೀರು ಬಿಸಿ ಸಾಲದು, ಅವಳಿಗೆ ಹೇಳು ಅಂಗಿ ಒಣಗಿಲ್ಲ ಎಂದು.

"ಒಂದಿನ ಅತ್ತೆ ಊರಲ್ಲಿರಲಿಲ್ಲ ಮಾವ. ನಾನು ಎದುರಿಗೇ ನಿಂತಿದೀನಿ. ನಾಯಿ ಹತ್ರ ಹೇಳಿದ್ರು, ಅವಳಿಗೆ ಊಟಕ್ಕೆ ಹಾಕಕ್ಕೆ ಹೇಳು ಅಂತ." ಅವಳು ನಕ್ಕಳು. "ಅದೂ ನನ್ನ ಮುಖ ನೋಡ್ತು ಪಾಪ."

ನನಗೆ ನಗು ಬರಲಿಲ್ಲ. ಬಹಳ ಸಂಕಟವಾಯಿತು. "ನೀವು ಅಷ್ಟೆಲ್ಲ ಹೊಗಳ್ತೀರಲ್ಲ, ಆ ಗಂಭೀರದವರ ಜೊತೆ ಒಂದು ಮಳೆಗಾಲ ಇದ್ದು ನೋಡಿ" ಎಂದು ಹೇಳಿ ಅವಳು ಮನೆಗೆ ಹೋದಳು. ಅವಳು ಹೋದ ಮೇಲೂ ನಾನು ಆ ಉಪ್ಪಿನಕಾಯಿಯ ಜಾಹೀರಾತನ್ನೇ ನೋಡುತ್ತ ಕೂತಿದ್ದೆ. ನಾವು ಪುರಾಣದವರೂ ಅವರು ಕಾದಂಬರಿಯವರೂ ಮಾಡುವುದು ಒಂದೇ ಕೆಲಸ. ಶುಭದ ಮಾತೊಂದು ಕಂಡ ಕೂಡಲೇ ಲಗುಬಗೆಯಿಂದ ಪುಸ್ತಕ ಮುಚ್ಚಿ ಏಳುತ್ತೇವೆ. ಕೇಳಿದವರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಒಳಗೆ ಉಳಿದವಳ ಬೆಳಗು ಹೇಗಾಯಿತೆಂದು ವಿಚಾರಿಸುವ ಪದ್ಧತಿ ಎರಡು ಕಡೆಯಲ್ಲೂ ಇಲ್ಲ. ಕಾದಂಬರಿಯ ಬಗ್ಗೆ ಇದು ನನ್ನ ಕೊನೆಯ ಪ್ರಾಮಾಣಿಕ ಅಭಿಪ್ರಾಯ. ಉಳಿದವನ್ನು ಬೇಕಾದರೆ ಮರೆತುಬಿಡಿ.

ಭಾನುವಾರ ಲಲಿತಕ್ಕನ ಮನೆಯಲ್ಲಿ ಪಾಯಸದ ವಾಸನೆ ಬೀದಿಗೆ ಬರುತ್ತಿತ್ತು. ಶೈಲ ಒಪ್ಪುತ್ತಾಳೆಂದು ಅವರು ಮೊದಲೇ ನಿಶ್ಚಯಿಸಿಕೊಂಡಿದ್ದರು. ಅವಳ ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟಿತ್ತು. ಹಿರಿಯನೆಂದು ನನ್ನನ್ನೂ ಕರೆದು ಕುರ್ಚಿ ಹಾಕಿದರು. ಮಾತೆಲ್ಲ ನಾಗರಾಜನ ತಂದೆಯದು. ಸಜ್ಜನರು, ನನ್ನ ಪುರಾಣ ಕೇಳಿದವರು. ಹುಡುಗನಿಗೆ ಮನಸ್ಸಿದೆ, ಹುಡುಗಿಗೂ ಇದೆ, ಸಣ್ಣಪುಟ್ಟದ್ದು ಎಲ್ಲರ ಮನೆಯಲ್ಲೂ ಇದ್ದದ್ದೇ ಎಂದರು. ಲಲಿತಕ್ಕ ಹೌದು ಹೌದೆಂದರು. ನಾಗರಾಜ ಬೆಂಚಿನ ತುದಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಹುಬ್ಬು ಸ್ವಲ್ಪ ಗಂಟಿಕ್ಕಿತ್ತು. ಎತ್ತರದ, ನೋಡಲು ಲಕ್ಷಣವಾದ ಹುಡುಗ. ಮುಖಪುಟಕ್ಕೆ ಹಾಕಬಹುದಿತ್ತು.

"ಇನ್ನೆಂತ ಭಟ್ರೆ, ನೀವೊಂದು ಮಂಗಳ ಹೇಳಿಬಿಡಿ" ಎಂದರು ಅವನ ತಂದೆ.

ನಲವತ್ತು ವರ್ಷ ಮಾಡಿದ ಕೆಲಸ. ಶ್ಲೋಕ ತಾನಾಗಿಯೇ ನಾಲಿಗೆಯ ತುದಿಗೆ ಬಂತು. ಶೈಲ ಒಳಗಿನಿಂದ ಕಾಫಿಯ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದು ಗಂಡನ ಎದುರಿಗೇ ನಿಂತಿದ್ದಳು. ಅವಳ ಮುಖದಲ್ಲಿ ಆಸೆಯಿತ್ತು. ನಾನು ಸುಳ್ಳು ಹೇಳುವುದಿಲ್ಲ, ಸ್ಪಷ್ಟವಾಗಿ ಕಾಣುವಷ್ಟು ಆಸೆಯಿತ್ತು.

"ಮಂಗಳದ ಜಾಗ ಇನ್ನೂ ಬಂದಿಲ್ಲ. ನಾಗರಾಜ ಒಂದು ಮಾತು ಆಡ್ಲಿ. ನಮ್ಮ ಹತ್ರ ಅಲ್ಲ, ಅವಳ ಹತ್ರ" ಎಂದೆ.

ಲಲಿತಕ್ಕ ನನ್ನನ್ನು ಸುಡುವ ಹಾಗೆ ನೋಡಿದರು. ನಾಗರಾಜ ಆ ಕಾದಂಬರಿಯವನ ಹಾಗೆ ಒಂದು "ಬಾ" ಎಂದಿದ್ದರೂ ಸಾಕಿತ್ತು. ಅಷ್ಟು ದಿನ ನಾನು ಲೇವಡಿ ಮಾಡಿದ ನಾಯಕರೆಲ್ಲರ ಪರವಾಗಿ, ಅನ್ನು ಮಾರಾಯ, ಒಂದೇ ಅಕ್ಷರ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಂದಿದ್ದರೆ ಅವಳು ಹೋಗಿಬಿಡುತ್ತಿದ್ದಳು.

ನಾಗರಾಜ ಕಿಟಕಿಯಿಂದ ಕಣ್ಣು ತೆಗೆದು ತಂದೆಯ ಕಡೆ ತಿರುಗಿದ.

"ಬಸ್ಸಿಗೆ ಹೊತ್ತಾಯ್ತು. ಹೊರಡೋದಾದ್ರೆ ಬೇಗ ಹೊರಡಕ್ಕೆ ಹೇಳಿ ಅವಳಿಗೆ" ಎಂದ.

ಶೈಲ ತಟ್ಟೆಯನ್ನು ಸ್ಟೂಲಿನ ಮೇಲೆ ನಿಧಾನವಾಗಿ ಇಟ್ಟಳು. ಒಂದು ಲೋಟ ಎತ್ತಿ ನಾಗರಾಜನ ತಂದೆಯ ಕೈಗೆ ಕೊಟ್ಟಳು. ಇನ್ನೊಂದನ್ನು ಗಂಡನ ಪಕ್ಕ ಬೆಂಚಿನ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾವ, ನಾನು ಬರೋದಿಲ್ಲ ಅಂತ ಅವರಿಗೆ ಹೇಳಿ" ಎಂದಳು.

ಹೇಳಿದೆ. ಅವಳು ಆಡಿದ ಹಾಗೆಯೇ, ನನ್ನದೊಂದು ಅಕ್ಷರ ಸೇರಿಸದೆ, ಬೀದಿಗೆ ಕೇಳುವ ದನಿಯಲ್ಲಿ ಹೇಳಿದೆ.