ಬೋಟನ್ನು ತಂಗಿಗೆ ಕೊಟ್ಟ ಶನಿವಾರ

ನಾವು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಮನೆ ಮಾಡಿದ ಎರಡನೆಯ ವರ್ಷ ನಮ್ಮ ಪಾಲಿಗೆ ಒಂದು ಬೋಟು ಬಂತು. ನನ್ನ ಗಂಡನ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ರಿಟೈರ್ ಆಗಿ ಅರಿಜೋನಾಕ್ಕೆ ಹೊರಟಾಗ, ಅಲ್ಲಿ ಇದಕ್ಕೆ ನೀರೆಲ್ಲಿ ಹುಡುಕಲಿ ಎಂದು ನಗುತ್ತಾ ನಮಗೆ ಒಪ್ಪಿಸಿಹೋದರು. ಇಪ್ಪತ್ತು ಅಡಿ ಉದ್ದ. ಮುಂದೆ ಇಬ್ಬರು ಮುದುಡಿ ಮಲಗುವಷ್ಟು ಕ್ಯಾಬಿನ್, ಹಿಂದೆ ಒಂದು ಹಳೆಯ ಇಂಜಿನ್. ಗ್ಯಾಲ್ವೆಸ್ಟನ್ ದ್ವೀಪದ ದೊಡ್ಡ ಸೇತುವೆಗಿಂತ ಸ್ವಲ್ಪ ಮೊದಲು, ಮನೆಗಳ ಹಿತ್ತಲಿಗೇ ಕಾಲುವೆ ಹರಿಯುವ ಒಂದು ಸಣ್ಣ ಬಡಾವಣೆಯಲ್ಲಿ, ಸೀಗಡಿ ಹಿಡಿಯುವ ಕೆಲಸ ಬಿಟ್ಟು ಕೂತಿದ್ದ ಮುದುಕರೊಬ್ಬರ ಕಟ್ಟೆಗೆ ಅದನ್ನು ಕಟ್ಟುತ್ತಿದ್ದೆವು. ಆ ಹಿತ್ತಲ ಕಾಲುವೆ ಹೋಗಿ ಸೇರುವುದು ದೊಡ್ಡ ಕಾಲುವೆಗೆ. ಸಮುದ್ರದ ಅಂಚಿಗೆ ಸಮನಾಗಿ ಸಾಗುವ ಆ ಕಾಲುವೆಯಲ್ಲಿ ಎಣ್ಣೆ, ರಾಸಾಯನಿಕ ತುಂಬಿದ ಬಾರ್ಜುಗಳೆಂಬ ಭಾರಿ ಸರಕು ದೋಣಿಗಳನ್ನು ಟಗ್‌ಬೋಟುಗಳು ಹಿಂದಿನಿಂದ ತಳ್ಳಿಕೊಂಡು ಹೋಗುತ್ತವೆ.

ನೀರಿನ ಹೆದರಿಕೆ ಇದ್ದ ಗಂಡ ಚುಕ್ಕಾಣಿ ಮುಟ್ಟಲೇ ಇಲ್ಲ. ನಾನು ಕಲಿತೆ. ಮೈಸೂರಿನಲ್ಲಿ ಸ್ಕೂಟರನ್ನೂ ಸರಿಯಾಗಿ ಓಡಿಸದವಳು ಮೂರು ತಿಂಗಳಲ್ಲಿ ಬೋಟನ್ನು ಹಿಮ್ಮುಖವಾಗಿ ಕಟ್ಟೆಗೆ ತಾಗಿಸಿ ನಿಲ್ಲಿಸುವಷ್ಟಾದೆ. ಅದರ ಹೆಮ್ಮೆ ನನಗೆ ಇತ್ತು. ಆ ಹೆಮ್ಮೆಗಿಂತ ಸ್ವಲ್ಪ ಹೆಚ್ಚೇ ಇದ್ದದ್ದು, ಅದನ್ನು ಇನ್ನೊಬ್ಬರಿಗೆ ಕೊಡುವ ಹೆಮ್ಮೆ. ಡಾಲಸ್‌ನಿಂದ, ಆಸ್ಟಿನ್‌ನಿಂದ ರಜೆಗೆ ಬಂದವರೆಲ್ಲ ಬೋಟು ಕೇಳುತ್ತಿದ್ದರು. "ಬೀಗದ ಕೈ ಅಲ್ಲೇ ಇದೆ, ತಗೊಂಡು ಹೋಗಿ" ಅನ್ನುವಾಗ ನನ್ನ ಗಂಟಲಿನಲ್ಲಿ ಜಮೀನ್ದಾರಿಣಿಯೊಬ್ಬಳು ಮಾತಾಡುತ್ತಿದ್ದಳು. ಕೊಟ್ಟ ಬೋಟು ಒಮ್ಮೆ ಕುರ್ಚಿ ಹರಿದುಕೊಂಡು, ಒಮ್ಮೆ ಚಿತ್ರಾನ್ನದ ಒಗ್ಗರಣೆ ಮೆತ್ತಿಕೊಂಡು ವಾಪಸ್ಸು ಬರುತ್ತಿತ್ತು. ನಾನು ಏನೂ ಅನ್ನುತ್ತಿರಲಿಲ್ಲ. ದೊಡ್ಡ ಮನಸ್ಸು ಎಂದು ಜನ ಹೇಳುವುದು ಕಿವಿಗೆ ಬೀಳುತ್ತಿತ್ತು.

ಆ ಬೋಟಿಗೆ ಒಂದು ಕಾಯಿಲೆ ಇತ್ತು. ಪೆಟ್ರೋಲ್ ಮೀಟರಿನ ಮುಳ್ಳು ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ಟ್ಯಾಂಕು ಪೂರ್ತಿ ಖಾಲಿಯಾದರೂ ಅರ್ಧ ಎಂದೇ ತೋರಿಸುತ್ತಿತ್ತು. ನಾನು ಹೊರಡುವ ಮುಂಚೆ ತುಂಬಿಸಿ, ಎಷ್ಟು ಗಂಟೆ ಓಡಿಸಿದೆ ಎಂದು ಲೆಕ್ಕ ಇಡುತ್ತಿದ್ದೆ. ಬೋಟು ಒಯ್ಯುವವರಿಗೆ ನಾನೊಂದು ಕಾಗದ ಬರೆದಿಟ್ಟಿದ್ದೆ. ಬ್ಯಾಟರಿ ಸ್ವಿಚ್ ಎಲ್ಲಿ, ಹಗ್ಗ ಹೇಗೆ ಬಿಗಿಯಬೇಕು, ಬಾರ್ಜು ಬಂದರೆ ಯಾವ ಕಡೆಗೆ ಸರಿಯಬೇಕು, ಎಲ್ಲ ಅದರಲ್ಲಿತ್ತು. ಮೀಟರಿನ ವಿಷಯ ಇರಲಿಲ್ಲ. ಮರೆತೆ ಎಂದು ಬಹಳ ದಿನ ಎಲ್ಲರಿಗೂ ಹೇಳಿದೆ. ಮರೆತಿರಲಿಲ್ಲ. ರಿಪೇರಿ ಮಾಡಿಸದೆ ವರ್ಷ ಕಳೆದಿತ್ತು. ಕೆಟ್ಟುಹೋದ ಬೋಟು ಕೊಡುತ್ತಾಳೆ ಎಂದು ಅನ್ನಿಸಿಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು.

ಅದು ಜನವರಿಯ ಕೊನೆ. ಡಾಲಸ್ ಹತ್ತಿರದ ಯೂಲೆಸ್‌ನಲ್ಲಿದ್ದ ನನ್ನ ತಂಗಿ, ಅವಳ ಗಂಡ, ಆರು ವರ್ಷದ ಮಗಳು ಶುಕ್ರವಾರ ನಮ್ಮ ಮನೆಗೆ ಬಂದರು. ನನ್ನ ಗಂಡ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿದ್ದರು. ಮರುದಿನ ಎಲ್ಲರೂ ಬೋಟಿನಲ್ಲಿ ಹೋಗುವುದೆಂದು ತಿಂಗಳಿನಿಂದ ಮಾತಾಗಿತ್ತು. ಬೆಳಿಗ್ಗೆ ಎದ್ದಾಗ ನನಗೆ ಜ್ವರ. ತಂಗಿ ಬೇಡ ಅಂದಳು. ಮಗುವಿನ ಮುಖ ನೋಡಿ ನಾನೇ ಬೀಗದ ಕೈ ತೆಗೆದುಕೊಟ್ಟೆ.

ತಂಗಿಯ ಗಂಡ ಧಾರವಾಡದ ಕಡೆಯವನು. "ಅಕ್ಕಾರ, ನೀವೇನೂ ಕಾಳಜಿ ಮಾಡಬ್ಯಾಡ್ರಿ. ಹೋದ ಸರ್ತಿ ನೀವು ನಡಸೂದೆಲ್ಲಾ ನೋಡೇನಿ. ಆರಾಮ ಮಲಕೋರಿ," ಅಂದ.

"ಪೆಟ್ರೋಲ್ ಇದೆ. ಸಾಕಾಗತ್ತೆ," ಅಂದೆ. ಹಿಂದಿನ ವಾರ ಬೋಟು ಒಯ್ದಿದ್ದ ಸ್ನೇಹಿತ ಟ್ಯಾಂಕು ತುಂಬಿಸಿಟ್ಟಿದ್ದೇನೆ ಅಂದಿದ್ದ. ನಾನು ನಂಬಿದ್ದೆ.

ಅವರು ಪಾತ್ರೆಯಲ್ಲಿ ಬಿಸಿಬೇಳೆಬಾತು ತುಂಬಿಸಿಕೊಂಡು ಹೋದರು. ನಾನು ಮಾತ್ರೆ ನುಂಗಿ ಮಲಗಿದೆ.

ಹನ್ನೊಂದೂವರೆಗೆ ಫೋನ್ ಬಂತು. ತಂಗಿಯ ಮೊಬೈಲಿನಿಂದ. ದನಿ ಹರಿದು ಹರಿದು ಬರುತ್ತಿತ್ತು.

"ಅಕ್ಕ, ಇಂಜಿನ್ ನಿಂತೋಯ್ತು. ಮಂಜು ಬಂದ್ಬಿಟ್ಟಿದೆ, ಏನೂ ಕಾಣ್ತಿಲ್ಲ."

"ಎಲ್ಲಿದೀರ?"

"ದೊಡ್ಡ ಕಾಲುವೇಲಿ. ಹೊಳೆ ತರ ಎಳ್ಕೊಂಡು ಹೋಗ್ತಿದೆ. ಪೆಟ್ರೋಲ್ ಅರ್ಧ ಇದೆ, ಯಾಕೆ ನಿಂತೋಯ್ತು ಗೊತ್ತಾಗ್ತಿಲ್ಲ. ಇವರು ಇಂಜಿನ್ ಬಿಚ್ಚಿ ನೋಡ್ತಿದಾರೆ."

ಪೆಟ್ರೋಲ್ ಮುಗಿದಿದೆ, ಇಂಜಿನ್ ಬಿಟ್ಟುಬಿಡಿ ಎಂದು ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ: "ಲಂಗರು ಹಾಕು. ಹಿಂದಿನ ಸೀಟಿನ ಕೆಳಗಿದೆ."

"ಲಂಗರು ಸಿಕ್ತು ಅಕ್ಕ. ಹಗ್ಗ ಇಲ್ಲ."

"ಅಲ್ಲೇ ಇರತ್ತೆ, ನೋಡು."

"ಇಲ್ಲ ಅಕ್ಕ, ಹಗ್ಗಾನೇ ಇಲ್ಲ..."

ಅಷ್ಟಕ್ಕೆ ಕಟ್ಟಾಯಿತು. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಸಿಗಲಿಲ್ಲ.

ತುರ್ತು ನಂಬರಿಗೆ ಫೋನ್ ಮಾಡಿದೆ. ಅವರು ಕರಾವಳಿ ಕಾವಲಿನವರಿಗೆ ಕೊಟ್ಟರು. ಅಲ್ಲಿನ ಹೆಂಗಸು ಸಮಾಧಾನದಿಂದ ಒಂದೊಂದೇ ಕೇಳಿದಳು. ಬೋಟಿನ ಬಣ್ಣ? ಬಿಳಿ. ಎಷ್ಟು ಜನ? ಮೂವರು, ಅವರಲ್ಲೊಂದು ಮಗು. ಮಗುವಿಗೆ ಲೈಫ್ ಜಾಕೆಟ್ ಇದೆಯೇ? ಇದೆ ಅಂದೆ. ಮಂಜಿನಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ, ಬೋಟು ಕಳಿಸುತ್ತೇವೆ, ಬಾರ್ಜುಗಳಿಗೆ ರೇಡಿಯೋದಲ್ಲಿ ತಿಳಿಸುತ್ತೇವೆ ಎಂದಳು.

ಕಾರು ತೆಗೆಯಲು ಗರಾಜಿನ ಬಾಗಿಲು ಎತ್ತಿದೆ. ಒಳಗೆ ಬಟ್ಟೆ ಒಣಗಿಸುವ ತಂತಿಯ ಮೇಲೆ ಮಗುವಿನ ಲೈಫ್ ಜಾಕೆಟ್ ತೂಗುತ್ತಿತ್ತು. ಬೂಷ್ಟು ಹಿಡಿದಿದೆ ಎಂದು ಹಿಂದಿನ ವಾರ ನಾನೇ ತಂದು ತೊಳೆದು ಒಣಗಲು ಹಾಕಿದ್ದೆ. ಆ ಹೆಂಗಸಿಗೆ ಮತ್ತೆ ಫೋನ್ ಮಾಡಿ, "ಮಗುವಿನ ಜಾಕೆಟ್ ಬೋಟಿನಲ್ಲಿಲ್ಲ, ಇಲ್ಲಿದೆ" ಅಂದೆ. ಅವಳು ಬರೆದುಕೊಂಡೆ ಎಂದಳು.

ಜಾಕೆಟನ್ನು ಪಕ್ಕದ ಸೀಟಿನಲ್ಲಿ ಹಾಕಿಕೊಂಡು ಐ-ಟೆನ್ ಹೆದ್ದಾರಿ ಹಿಡಿದೆ. ಏಕೆ ಒಯ್ದೆನೋ ತಿಳಿಯದು. ಅಲ್ಲೇ ಬಿಟ್ಟು ಹೋಗಲು ಕೈ ಬರಲಿಲ್ಲ. ಹ್ಯೂಸ್ಟನ್‌ನಲ್ಲಿ ಬಿಸಿಲಿತ್ತು. ಜನ ಕಿಟಕಿ ಇಳಿಸಿಕೊಂಡು ಹಾಡು ಕೇಳುತ್ತಾ ಹೋಗುತ್ತಿದ್ದರು. ದಕ್ಷಿಣಕ್ಕೆ ತಿರುಗಿ ಮುಕ್ಕಾಲು ಗಂಟೆ ಹೋದ ಮೇಲೆ ರಸ್ತೆಯ ಎದುರಿಗೆ ಮಂಜು ಗೋಡೆಯ ಹಾಗೆ ನಿಂತಿತ್ತು. ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಎಷ್ಟು ನಿಧಾನ ಹೋಗಬೇಕಾಯಿತೆಂದರೆ, ಇಳಿದು ಓಡಿಬಿಡೋಣ ಅನ್ನಿಸಿತು. ಮನೆದೇವರಿಗೆ ಹರಕೆ ಹೊರಲು ಹೋದರೆ ಬಾಯಿಗೆ ಮಾತೇ ಬರಲಿಲ್ಲ. ಊರಿನಲ್ಲಿರುವ ಅಮ್ಮನಿಗೆ ಏನೆಂದು ಫೋನ್ ಮಾಡಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಕಟ್ಟೆಯ ಮೇಲೆ ಮುದುಕರು ರೇಡಿಯೋ ಮುಂದೆ ಕೂತಿದ್ದರು. ಅವರದೂ ಒಂದು ಬೋಟು ಪಕ್ಕದಲ್ಲೇ ಕಟ್ಟಿತ್ತು.

"ನಿಮ್ಮ ಬೋಟು ತೆಗೆಯಿರಿ, ಹೋಗೋಣ," ಅಂದೆ.

"ಇಲ್ಲಮ್ಮ."

"ದಯವಿಟ್ಟು."

"ಈ ಮಂಜಲ್ಲಿ ನಾನು ಹೋದರೆ ಹುಡುಕುವವರಿಗೆ ಎರಡು ಬೋಟಾಗುತ್ತದೆ. ಕೂತುಕೋ."

ನಾನು ಕೂರಲಿಲ್ಲ. ಅವರ ತೋಳು ಹಿಡಿದು ಎಳೆದೆ, ಕನ್ನಡದಲ್ಲಿ ಏನೇನೋ ಬೈದೆ. ಅವರು ಎಳೆಸಿಕೊಂಡರು, ಬೈಸಿಕೊಂಡರು, ಜಾಗ ಬಿಟ್ಟು ಏಳಲಿಲ್ಲ. ರೇಡಿಯೋದಲ್ಲಿ ಟಗ್‌ಬೋಟಿನ ಕ್ಯಾಪ್ಟನ್‌ಗಳು ಮಾತಾಡಿಕೊಳ್ಳುತ್ತಿದ್ದರು. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ನೀರಿನ ಕಡೆಯಿಂದ ಆಗಾಗ ಬಾರ್ಜಿನ ಹಾರ್ನು ಉದ್ದಕ್ಕೆ ಕೂಗುತ್ತಿತ್ತು. ಒಂದೊಂದು ಕೂಗಿಗೂ ನಾನು ಕಟ್ಟೆಯ ಅಂಚಿಗೆ ಹೋಗಿ ತಂಗಿಯ ಹೆಸರು ಹಿಡಿದು ಕರೆದೆ. ಬಿಳಿ ಮಂಜು ನನ್ನ ದನಿಯನ್ನು ನುಂಗಿಕೊಂಡು ಸುಮ್ಮನಿತ್ತು.

ಎಷ್ಟೋ ಹೊತ್ತಿನ ಮೇಲೆ ಮುದುಕರು ಕೈ ಎತ್ತಿ, ಸುಮ್ಮನಿರು ಎಂದು ಸನ್ನೆ ಮಾಡಿದರು. ಒಬ್ಬ ಕ್ಯಾಪ್ಟನ್ ಏನೋ ಹೇಳುತ್ತಿದ್ದ.

"ಅವನ ಆಳಿಗೆ ಏನೋ ಲೋಹ ಬಡಿದ ಸದ್ದು ಕೇಳಿಸಿತಂತೆ," ಎಂದರು. "ಬಾರ್ಜು ನಿಧಾನ ಮಾಡಿದ್ದಾನೆ."

ಮತ್ತೆ ಬರೀ ಗರಗರ. ಆಮೇಲೆ ಅದೇ ದನಿ. ಮುದುಕರು ತಿರುಗಿ ಮೂರು ಬೆರಳು ತೋರಿಸಿದರು.

"ಮೂವರೂ ಹುಲ್ಲಿನ ದಂಡೆಯ ಹತ್ತಿರ ಇದ್ದಾರಂತೆ."

ನಾನು ಜಾಕೆಟನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ.

ಆದದ್ದು ಆಮೇಲೆ ತಿಳಿಯಿತು. ಬಾರ್ಜಿನ ಹಾರ್ನು ಹತ್ತಿರ ಹತ್ತಿರ ಬಂದಾಗ, ತಂಗಿಯ ಗಂಡ ಹೆಂಡತಿಯ ದುಪಟ್ಟಾದಿಂದ ಮಗುವನ್ನು ಅವಳ ಹೊಟ್ಟೆಗೆ ಬಿಗಿದು, ಶೂ ಬಿಚ್ಚಿ ನೀರಿಗಿಳಿದ. ಆಳ ಎಷ್ಟೋ ಗೊತ್ತಿರಲಿಲ್ಲ. ಮೊದಲು ಕಾಲಿಗೆ ನೆಲ ಸಿಗಲಿಲ್ಲ. ಬೋಟಿನ ಅಂಚು ಹಿಡಿದು ಈಜಿ ಎಳೆದ. ಆಮೇಲೆ ಕೆಸರು ಸಿಕ್ಕಿತು, ಎದೆಯುದ್ದ ನೀರು. ಜನವರಿಯ ನೀರಿನಲ್ಲಿ ಬೋಟನ್ನು ಭುಜ ಕೊಟ್ಟು ದಂಡೆಯ ಕಡೆ ತಳ್ಳಿದ. ತಂಗಿ ಬಿಸಿಬೇಳೆಬಾತಿನ ಸ್ಟೀಲ್ ಪಾತ್ರೆ ಖಾಲಿ ಮಾಡಿ, ಸೌಟಿನಿಂದ ಬಡಿಯುತ್ತಲೇ ಇದ್ದಳು. ಅವರು ಹುಲ್ಲಿಗೆ ತಾಗುವ ಹೊತ್ತಿಗೆ ಬಾರ್ಜು ಪಕ್ಕದಲ್ಲೇ ಸಾಗಿಹೋಯಿತಂತೆ. ಮೂರಂತಸ್ತಿನ ಮನೆಯೊಂದು ನಡೆದು ಹೋದ ಹಾಗಿತ್ತು ಎಂದು ತಂಗಿ ಆಮೇಲೆ ಯಾರಿಗೋ ಹೇಳಿದಳು. ನನಗೆ ಹೇಳಲಿಲ್ಲ.

ಕಾವಲು ಬೋಟು ಮಧ್ಯಾಹ್ನ ಅವರನ್ನು ಕಟ್ಟೆಗೆ ತಂದು ಬಿಟ್ಟಿತು. ತಂಗಿಯ ಗಂಡ ಬೆಳ್ಳಿ ಬಣ್ಣದ ಹೊದಿಕೆಯೊಳಗೆ ನಡುಗುತ್ತಿದ್ದ. ತುಟಿ ನೀಲಿಯಾಗಿತ್ತು. ಕಾಲಿನ ತುಂಬ ಸಿಂಪಿಯ ಚಿಪ್ಪು ಕೊಯ್ದ ಗಾಯ. ಮಗು ನನ್ನನ್ನು ನೋಡಿ, "ದೊಡ್ಡಮ್ಮ, ಅಪ್ಪ ಪುಷ್ಡ್ ದ ಬೋಟ್!" ಎಂದು ಕೂಗಿತು. ತಂಗಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕಾವಲಿನವರು ಟ್ಯಾಂಕ್ ನೋಡಿದ್ರು. ಒಂದು ಹನಿ ಇಲ್ಲವಂತೆ. ಮೀಟರ್ ಕೆಟ್ಟಿದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು," ಅಂದೆ.

ಅವಳ ಗಂಡನೇ, ಆ ನಡುಕದಲ್ಲೂ, "ಇರಲಿ ಬಿಡ. ಅಕ್ಕಾರು ಬೇಕಂತ ಮಾಡ್ಯಾರೇನು," ಅಂದ.

ಆ ಗಾಯ ಕೀವಾಯಿತು. ಯೂಲೆಸ್‌ಗೆ ಹಿಂತಿರುಗಿದ ಮೂರನೆಯ ದಿನ ಕಾಲು ಊದಿ, ಆಸ್ಪತ್ರೆಗೆ ಸೇರಿಸಿದರು. ಎರಡು ಸಲ ಕೊಯ್ದು ಶುದ್ಧ ಮಾಡಿದರೂ ಬಲಗಾಲಿನ ಕಿರುಬೆರಳು ಉಳಿಯಲಿಲ್ಲ. ನಾನು ರಜೆ ಹಾಕಿ ಅಲ್ಲಿಗೆ ಹೋಗಿ ಹನ್ನೆರಡು ದಿನ ಇದ್ದೆ. ಅಡುಗೆ ಮಾಡಿದೆ, ಮಗುವನ್ನು ಶಾಲೆಗೆ ಬಿಟ್ಟೆ, ಬಟ್ಟೆ ಮಡಿಸಿದೆ. ತಂಗಿ ನಾನು ಮಾಡಿದ್ದನ್ನು ತಿಂದಳು. "ಸಾರಿಗೆ ಉಪ್ಪು ಸಾಕಾ?" ಅಂದರೆ "ಸಾಕು" ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಮಾತಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳುವುದನ್ನು ಅಲ್ಲಿ ಕಲಿತೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಆಸ್ಟಿನ್‌ನ ಸ್ನೇಹಿತನಿಗೆ, ತಂಗಿಗಿಂತ ಹಿಂದಿನ ವಾರ ಬೋಟು ಒಯ್ದಿದ್ದವನಿಗೆ, ಫೋನ್ ಮಾಡಿದೆ. ಲಂಗರಿನ ಹಗ್ಗ ಏನಾಯಿತು ಎಂದು ಕೇಳಿದೆ.

"ಅಯ್ಯೋ ಅದಾ? ಮನೆಗೆ ಅಂತ ಹ್ಯೂಸ್ಟನ್‌ನಲ್ಲಿ ಡೈನಿಂಗ್ ಟೇಬಲ್ ತಗೊಂಡ್ವಲ್ಲ, ವ್ಯಾನ್ ಮೇಲೆ ಕಟ್ಟೋಕೆ ಬೇಕಾಯ್ತು. ಗರಾಜಲ್ಲಿದೆ, ಮುಂದಿನ ಸಲ ತಂದ್ಕೊಡ್ತೀನಿ."

"ಪೆಟ್ರೋಲ್ ತುಂಬ್ಸಿದೀನಿ ಅಂದಿದ್ರಲ್ಲ?"

"ತುಂಬ್ಸೋಣ ಅಂತಲೇ ಹೋದೆ. ಮೀಟರ್ ಅರ್ಧ ತೋರಿಸ್ತಿತ್ತು, ಸಾಕು ಅಂತ ಬಿಟ್ಟೆ. ಯಾಕೆ, ಏನಾಯ್ತು?"

ನಾಲಿಗೆ ತುದಿಗೆ ಎಷ್ಟೋ ಮಾತು ಬಂತು. ಅವನಿಗೆ ಏನಂದರೂ ಅದನ್ನೇ ತಂಗಿ ನನಗೂ ಅನ್ನಬಹುದಿತ್ತು. "ಏನಿಲ್ಲ" ಅಂದು ಇಟ್ಟುಬಿಟ್ಟೆ. ಇವತ್ತಿಗೂ ಅವನಿಗೆ ಗೊತ್ತಿಲ್ಲ. ಹೇಳಬೇಕಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಮಾರ್ಚಿನಲ್ಲಿ ಬೋಟನ್ನು ಮುದುಕರಿಗೇ ಬಿಟ್ಟುಕೊಟ್ಟೆವು. ನಾನು ಬೈದದ್ದಕ್ಕೆ ಕ್ಷಮೆ ಕೇಳಿದೆ. "ಭಾಷೆ ತಿಳಿಯಲಿಲ್ಲ, ಹಾಗಾಗಿ ಬೇಜಾರಿಲ್ಲ," ಎಂದರು. ಬೋಟಿಲ್ಲ ಅಂದ ಮೇಲೆ ಕೆಲವರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ದೊಡ್ಡ ಮನಸ್ಸಿನ ಮಾತೂ ನಿಂತಿತು.

ತಂಗಿ ಫೋನ್ ಮಾಡಿದ್ದು ಐದು ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ. ಅಮ್ಮನ ವೀಸಾ ಇಂಟರ್‌ವ್ಯೂಗೆ ಯಾವ ಯಾವ ಕಾಗದ ಬೇಕು ಎಂದು ಕೇಳಿದಳು. ನಾನು ಪೆನ್ನು ಹಿಡಿದು ಒಂದೊಂದೇ ಹೇಳಿದೆ, ಅವಳು ಬರೆದುಕೊಂಡಳು. ಅಮ್ಮನಿಗೆ ಮೊದಲು ಯಾರ ಮನೆ, ಎಷ್ಟು ದಿನ ಎಂದು ಸ್ವಲ್ಪ ವಾದವೂ ಆಯಿತು. ಮೊದಲು ಯೂಲೆಸ್‌ಗೇ ಬರಲಿ ಎಂದು ನಾನು ಸೋತೆ. ಒಂದು ಗಂಟೆ ಮಾತಾಡಿದೆವು. ಆ ಶನಿವಾರದ ಮಾತು ಅವತ್ತು ಬರಲಿಲ್ಲ, ಆಮೇಲೂ ನಮ್ಮಿಬ್ಬರ ನಡುವೆ ಬಂದಿಲ್ಲ. ಅವಳ ಗಂಡ ಮಾತ್ರ ನಮ್ಮ ಮನೆಗೆ ಬಂದಾಗಲೆಲ್ಲ ಕಾಲುಚೀಲ ಬಿಚ್ಚದೆ ಓಡಾಡುತ್ತಾನೆ. ನನಗೆ ಕಾಣದಿರಲಿ ಎಂದೇ ಹಾಗೆ ಮಾಡುತ್ತಾನೆ ಎಂದು ನನಗೆ ಗೊತ್ತು.